ಅಳತೆ ತೆಗೆದ ಹಾರ

ನನ್ನ ಕುತ್ತಿಗೆಯ ಬಲಗಡೆ ಒಂದು ಗಂಟು ಬೆಳೆಯುತ್ತಿದೆ ಎಂಬುದು ನನಗಿಂತ ಮೊದಲು, ನನ್ನ ಗಂಡನಿಗಿಂತ ಮೊದಲು, ಯಾವ ಡಾಕ್ಟರಿಗಿಂತಲೂ ಮೊದಲು ಗೊತ್ತಾದದ್ದು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕ ಹೂ ಕಟ್ಟುವ ಒಬ್ಬ ಹೆಂಗಸಿಗೆ. ಆಕೆ ಅದನ್ನು ನನಗೆ ಹೇಳಲಿಲ್ಲ. ಆರು ವಾರ ತನ್ನೊಳಗೇ ಇಟ್ಟುಕೊಂಡಿದ್ದಳು. ಆ ಆರು ವಾರ ನಾನು ಆಕೆಯ ಮೇಲೆ ಸಿಟ್ಟು ಮಾಡಿಕೊಂಡು ಓಡಾಡಿದ್ದೆ.

ನಾನಿರುವುದು ನಂಜನಗೂಡಿನಲ್ಲಿ. ಗಂಡನಿಗೆ ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ನಾನು ನರಸೀಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ನರಸೀಪುರದಲ್ಲಿ ಇಳಿದ ಕೂಡಲೇ ಮೂಲೆಯಲ್ಲಿ ಕೂತಿರುತ್ತಿದ್ದ ಈಕೆಯ ಹತ್ತಿರ ಒಂದು ಮೊಳ ಹೂ ತೆಗೆದುಕೊಂಡು ಅಲ್ಲೇ ಮುಡಿದು ಸ್ಕೂಲಿಗೆ ನಡೆಯುವುದು ಹನ್ನೊಂದು ವರ್ಷದ ರೂಢಿ. ಎಲ್ಲರೂ ಆಕೆಯನ್ನು ಹೂವಿನಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತಾನು ಕಟ್ಟುವ ಕಾಕಡ, ಕನಕಾಂಬರಗಳಲ್ಲಿ ಒಂದು ಎಸಳನ್ನೂ ಆಕೆ ಮುಡಿದದ್ದು ನಾನು ಕಂಡಿಲ್ಲ.

ಆಕೆಯ ಮುಂದೆ ಎರಡು ಬುಟ್ಟಿ ಇರುತ್ತಿದ್ದವು. ಬಲಗಡೆಯದು ಮುಡಿಯುವ ಹೂವಿನದು. ಎಡಗಡೆಯ ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿರುತ್ತಿದ್ದಳು. ನರಸೀಪುರದಲ್ಲಿ ಕಾವೇರಿ, ಕಪಿಲೆ ಸೇರುವ ಸಂಗಮವಿದೆಯಲ್ಲ, ಅಲ್ಲಿಗೆ ಅಸ್ಥಿ ಬಿಡಲು ದೂರದೂರದಿಂದ ಜನ ಬರುತ್ತಾರೆ. ಗೋಣಿಯ ಕೆಳಗಿರುತ್ತಿದ್ದದ್ದು ಅವರಿಗಾಗಿ ಕಟ್ಟಿದ ಹಾರಗಳು. ಆ ಬುಟ್ಟಿಯಿಂದ ಹಾರ ತೆಗೆದುಕೊಟ್ಟ ಮೇಲೆ ಚೊಂಬಿನ ನೀರಲ್ಲಿ ಕೈ ಅದ್ದಿಯೇ ಈ ಕಡೆಯ ಬುಟ್ಟಿ ಮುಟ್ಟುವಳು. ಎಷ್ಟೇ ಜನ ಕಾಯುತ್ತಿರಲಿ, ಅದನ್ನು ತಪ್ಪಿಸುತ್ತಿರಲಿಲ್ಲ.

ಆ ವರ್ಷ ಎಂಟನೇ ತರಗತಿಗೆ ಈಜಿಪ್ಟಿನ ಪಾಠ ಮಾಡುತ್ತಿದ್ದಾಗ, ಸಮಾಧಿಯೊಂದರ ಗೋಡೆಚಿತ್ರವನ್ನು ಮಕ್ಕಳಿಗೆ ಫೋನಿನಲ್ಲಿ ತೋರಿಸಿದೆ. ಔತಣಕ್ಕೆ ಬಂದ ಹೆಂಗಸರು ಸಾಲಾಗಿ ಕೂತಿದ್ದಾರೆ. ಒಬ್ಬಳು ಪಕ್ಕದವಳ ಮೂಗಿನ ಹತ್ತಿರ ಹೂ ಹಿಡಿದಿದ್ದಾಳೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು.

"ಮಿಸ್, ಅದು ನಮ್ ಕೆರೆ ನೈದಿಲೆ ಅಲ್ವಾ? ಅವ್ರು ಯಾಕೆ ಅದನ್ನ ಹಣೆ ಮೇಲೆ ಇಟ್ಕಂಡವ್ರೆ?"

ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದು ತಪ್ಪಿಸಿಕೊಂಡೆ. ಮನೆಗೆ ಬಂದು ಹುಡುಕುತ್ತ ಕೂತವಳಿಗೆ ಬಿಡಲಾಗಲಿಲ್ಲ. ಪಿರಮಿಡ್ಡು, ಮಮ್ಮಿ ಅಂತ ಎಷ್ಟು ವರ್ಷ ಪಾಠ ಮಾಡಿದ್ದೆ. ಆ ಜನ ಹೂವಿಲ್ಲದೆ ಒಂದು ದಿನವೂ ಬಾಳಿದವರಲ್ಲ ಎಂದು ಒಮ್ಮೆಯೂ ಹೇಳಿರಲಿಲ್ಲ. ಅವರ ನೀಲಿ ನೈದಿಲೆ ನಮ್ಮದರ ಹತ್ತಿರದ ನೆಂಟ. ಬೆಳಗ್ಗೆ ಅರಳಿ ಮಧ್ಯಾಹ್ನ ಮುಚ್ಚಿಕೊಳ್ಳುತ್ತದೆ, ಮಾರನೆಯ ದಿನ ಮತ್ತೆ ಅರಳುತ್ತದೆ. ಅದಕ್ಕೇ ಸೂರ್ಯ ಮೊದಲು ಹುಟ್ಟಿದ್ದು ಆ ಹೂವಿನೊಳಗಿಂದ ಎಂದು ಅವರು ನಂಬಿದ್ದರು. ದೇವರ ಮುಂದೆ ಆಳೆತ್ತರದ ಗುಚ್ಛ ಕಟ್ಟಿ ಇಡುತ್ತಿದ್ದರು. ಔತಣದ ಮನೆಯಲ್ಲಿ ದ್ರಾಕ್ಷಾರಸದ ಗಡಿಗೆಯ ಕೊರಳಿಗೂ ಹೂ ಸುತ್ತುತ್ತಿದ್ದರು. ಜೀವ ಅನ್ನುವುದಕ್ಕೂ ಹೂಗುಚ್ಛ ಅನ್ನುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಸದ್ದಿನ ಪದವಂತೆ.

ಸತ್ತವರಿಗೂ ಹೂವೇ. ಮೂರು ಸಾವಿರ ವರ್ಷಕ್ಕೂ ಹಿಂದೆ ತೀರಿಕೊಂಡ ಎಳೆಪ್ರಾಯದ ರಾಜನೊಬ್ಬನ ಪೆಟ್ಟಿಗೆ ತೆರೆದಾಗ, ಎದೆಯ ಮೇಲೆ ಹೂವಿನ ಅಗಲವಾದ ಕೊರಳಪಟ್ಟಿ ಹಾಗೇ ಇತ್ತು. ಎಲೆ ಮಡಚಿ, ನಡುವೆ ನೈದಿಲೆಯ ಎಸಳು ಸಿಕ್ಕಿಸಿ, ಕೆಂಪು ಕಾಯಿ ಪೋಣಿಸಿ ಹೊಲಿದದ್ದು. ಅದರ ಬಣ್ಣ ಕೂಡ ಪೂರ್ತಿ ಹೋಗಿರಲಿಲ್ಲವಂತೆ. ಶವಸಂಸ್ಕಾರದ ಊಟಕ್ಕೆ ಬಂದವರೂ ಅಂಥದೇ ಪಟ್ಟಿ ಕೊರಳಿಗೆ ಹಾಕಿಕೊಂಡು ಉಂಡು, ಆಮೇಲೆ ತೆಗೆದು ಹೂಳುತ್ತಿದ್ದರು ಎಂದು ಓದಿ ನಾನು ಫೋನು ಕೆಳಗಿಟ್ಟೆ.

ದಸರಾ ರಜೆ ಮುಗಿದ ಮೇಲೆ ಸ್ಕೂಲಿನಲ್ಲಿ ವಸ್ತುಪ್ರದರ್ಶನ ಅಂತ ಹೆಡ್‌ಮಾಸ್ಟರು ಹೇಳಿದರು. ನಾನು ಈಜಿಪ್ಟಿನ ಹೂವು ಅಂತ ಹೆಸರು ಕೊಟ್ಟೆ. ಆ ಕೊರಳಪಟ್ಟಿಯನ್ನು ನಿಜವಾದ ಹೂವಿನಲ್ಲೇ ಕಟ್ಟಿಸಬೇಕು ಅನ್ನಿಸಿತು. ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೂವಿನಮ್ಮನ ಹತ್ತಿರ ಹೋದೆ.

ಆಕೆ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡಳು. ನಾನು ಏನೂ ಹೇಳುವ ಮೊದಲೇ ಬೆರಳಿಟ್ಟು ನೋಡುತ್ತ ಹೋದಳು.

"ಇದ್ರಲ್ಲಿ ಗಂಟೇ ಇಲ್ವಲ್ಲ ಟೀಚರಮ್ಮ. ಎಲೆ ಮಡಚಿ ನಾರಿಗೆ ಒಲ್ದವ್ರೆ. ಈ ಸಾಲು ಚೆಂದಾಗದೆ. ಇಲ್ಲಿ ನೋಡಿ, ಕೊನೇ ಸಾಲು, ಅವಸ್ರದಲ್ಲಿ ಕಟ್ಟವ್ರೆ. ಯಾರ್ ಮದ್ವೆಗೆ ಕಟ್ಟಿದ್ದು?"

"ಮದುವೆಗಲ್ಲಮ್ಮ. ಸತ್ತ ರಾಜನ ಮೇಲೆ ಇಟ್ಟಿದ್ದು."

ಆಕೆ ಕಾಗದವನ್ನು ನನಗೆ ವಾಪಸು ಕೊಟ್ಟಳು. ಚೊಂಬಿನಲ್ಲಿ ಕೈ ಅದ್ದಿದಳು.

"ಎಣದ್ ಆರವಾ? ಇಸ್ಕೂಲಿಗ್ಯಾಕೆ ಅದು?"

"ಮಕ್ಕಳಿಗೆ ತೋರಿಸೋಕೆ. ಬದುಕಿದ್ದವರೂ ಹಾಕ್ಕೋತಿದ್ರು. ಹಬ್ಬದಲ್ಲಿ, ತಿಥಿ ಊಟದಲ್ಲಿ. ಉಂಡಾದ ಮೇಲೆ ತೆಗೆದು ಹೂಳ್ತಿದ್ರು. ಇಬ್ಬರಿಗೂ ಒಂದೇ ಹಾರ."

"ಇಬ್ರಿಗೂ ಒಂದೇನಾ?" ಆಕೆ ತನ್ನ ಎರಡೂ ಬುಟ್ಟಿಗಳ ಕಡೆ ನೋಡಿದಳು. "ಅದೆಂಗಾಯ್ತದೆ?"

ಎರಡು ದಿನ ಒಪ್ಪಲಿಲ್ಲ. ಮೂರನೇ ದಿನ ನಾನು ಕೇಳುವ ಮುಂಚೆ ಆಕೆಯೇ, "ಇನ್ನೊಂದ್ ದಪ ಆ ಚಿತ್ರ ತೋರ್ಸಿ" ಅಂದಳು. ಕಸುಬು ಬಲ್ಲವರನ್ನು ಹಾಗೆ ಸೆಳೆಯುತ್ತದೆ. ಎಂದೋ ಯಾರೋ ಕಟ್ಟಿದ್ದನ್ನು ತಾನು ಕಟ್ಟಬಲ್ಲೆನೇ ಎಂದು ಕೈ ತುರಿಸಿರಬೇಕು. ಕೆಂಪು ಕಾಯಿ ಯಾವುದು ಎಂದು ಕೇಳಿದಳು. ಅಶ್ವಗಂಧದ್ದು ಅಂದೆ. ಅದು ತನಗೆ ಗೊತ್ತು, ನಾವು ಹಿರೇಮದ್ದು ಅಂತೀವಿ, ನಾಲೆ ಏರಿ ಮೇಲೆ ಬೇಕಾದಷ್ಟಿದೆ ಅಂದಳು. ಸತ್ತವರಿಗೆ ಮದ್ದಿನ ಕಾಯಿ ಯಾಕೆ ಹಾಕಿದರು ಎಂದು ಕೇಳಿದಳು.

ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಆಕೆಯ ಮನೆಗೆ ಹೋದೆ. ಹೊಳೆಗೆ ಹೋಗುವ ಓಣಿಯಲ್ಲಿ ಒಂದೇ ಕೋಣೆಯ ಮನೆ. ಮೇಲೆ ಎಲ್ಲೋ ಮಳೆಯಾಗಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಅದರ ಸದ್ದು ಮನೆಯೊಳಗೂ ಕೇಳುತ್ತಿತ್ತು. ಚಾಪೆಯ ಮೇಲೆ ನೈದಿಲೆ, ಹೊಂಗೆ ಎಲೆ, ನೆನೆಸಿದ ಬಾಳೆನಾರು, ಒಂದು ಬಟ್ಟಲಲ್ಲಿ ಆ ಕೆಂಪು ಕಾಯಿ ಹರಡಿಕೊಂಡಿದ್ದವು. ಆಗಲೇ ಮೂರು ಸಾಲು ಹೊಲಿದಿದ್ದಳು. ಅಷ್ಟು ಅಂದವಾದ ವಸ್ತುವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಕುತ್ಗೆ ಅಳ್ತೆ ಬೇಕಲ್ಲ," ಅಂದಳು. "ಮಾಮೂಲಿ ಆರ ಆದ್ರೆ ಕಣ್ಣಳ್ತೆ ಸಾಕು. ಇದು ಮೈಗಂಟ್ಕಂಡ್ ಕೂರಬೇಕು. ಗೊಂಬೆ ತಂದಿದ್ದೀರಾ?"

ಮಕ್ಕಳು ಹುಲ್ಲು ತುಂಬಿ ಮಾಡುತ್ತಿದ್ದ ಮಮ್ಮಿಗೆ ಇನ್ನೂ ತಲೆಯೇ ಕೂತಿರಲಿಲ್ಲ. ನನ್ನ ಕುತ್ತಿಗೆಗೇ ಹಿಡಿದು ನೋಡಿ ಅಂದೆ.

"ಬ್ಯಾಡಿ. ಅಂಥ ಆರಕ್ಕೆ ಬದ್ಕಿರೋರ ಅಳ್ತೆ ತಕ್ಕಬಾರ್ದು."

"ಬದುಕಿದ್ದವರೂ ಹಾಕ್ಕೋತಿದ್ರು ಅಂತ ಹೇಳಿಲ್ವಾ? ನೀವು ತಗೊಳಿ, ನನಗೇನೂ ಆಗಲ್ಲ."

ಹೇಳುವಾಗ ನಾನು ನಗುತ್ತಿದ್ದೆ. ಕ್ಲಾಸಿನಲ್ಲಿ ಬೆಕ್ಕು ಅಡ್ಡ ಹೋದರೆ, ಹಲ್ಲಿ ಲೊಚಗುಟ್ಟಿದರೆ ಅಂತ ಮಕ್ಕಳು ಏನಾದರೂ ಅಂದಾಗ ನಗುವ ಅದೇ ನಗೆ.

ಆಕೆ ಬಾಳೆನಾರು ಹಿಡಿದು ನನ್ನ ಹಿಂದೆ ಬಂದು ನಿಂತಳು. ತಣ್ಣನೆಯ ಒದ್ದೆ ನಾರು ಕುತ್ತಿಗೆಯನ್ನು ಸುತ್ತಿತು. ಎರಡು ಬೆರಳು ಅದರ ಅಂಚಿನಲ್ಲೇ ಮುಂದಕ್ಕೆ ಬಂದವು. ಬಲಗಡೆ ಗಂಟಲ ಹತ್ತಿರ ನಿಂತವು. ಒಂದು ಸಲ ಒತ್ತಿ, ಬಿಟ್ಟು, ಮತ್ತೆ ಒತ್ತಿದವು. ಕಚಗುಳಿಯಾಯಿತೆಂದು ನಾನು ತಲೆ ಕೊಡವಿದೆ.

"ಆಯ್ತಾ?"

ನಾರು ತೆಗೆದು ಅಳತೆಗೆ ಗಂಟು ಹಾಕಿ ಆಕೆ ಚಾಪೆಯ ಮೇಲೆ ಕೂತಳು. ತಲೆ ಎತ್ತದೆ ಕೇಳಿದಳು.

"ಟೀಚರಮ್ಮ, ನಿಮ್ಗೆ ಅನ್ನ ನುಂಗುವಾಗ ಕಷ್ಟ ಆಯ್ತದಾ?"

"ಇಲ್ಲಪ್ಪ. ಯಾಕೆ?"

"ಸುಮ್ಕೆ ಕೇಳ್ದೆ."

ಮತ್ತೆ ಎಲೆ ಮಡಚತೊಡಗಿದಳು. ಸಂಕೋಚಪಡುತ್ತಿದ್ದಾಳೆ ಅಂದುಕೊಂಡು ನಾನೂ ಎದ್ದು ಬಂದೆ.

ಮರುದಿನ, ಭಾನುವಾರ, ಪ್ರದರ್ಶನಕ್ಕೆ ಹಾರ ಬಂತು. ಹುಲ್ಲಿನ ಮಮ್ಮಿಯ ಎದೆಯ ಮೇಲೆ ಇಟ್ಟಾಗ ಮಕ್ಕಳೆಲ್ಲ ನೂಕಾಡಿಕೊಂಡು ಹತ್ತಿರ ಬಂದರು. ಮೇಲಧಿಕಾರಿಯೊಬ್ಬರು ಬಂದರು, ಮೆಚ್ಚಿದರು. ಹೂವಿನಮ್ಮನನ್ನೂ ಕರೆದಿದ್ದೆ, ಒಗೆದು ಮಡಿಸಿಟ್ಟಿದ್ದ ಸೀರೆ ಉಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಜೊತೆಯ ಟೀಚರೊಬ್ಬರು, "ಮೇಡಂ, ನೀವೇ ಹಾಕ್ಕೊಂಡು ನಿಂತ್ಕೊಳಿ, ಫೋಟೋ ತೆಗೀತೀನಿ, ಈಜಿಪ್ಟಿನ ರಾಣಿ ಥರ ಇರುತ್ತೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಕಿಕೊಂಡೆ. ನನ್ನದೇ ಅಳತೆ ತಾನೇ, ಸರಿಯಾಗಿ ಕೂತಿತು. ಒದ್ದೆ ಎಲೆಯ ವಾಸನೆ ಮೂಗಿಗೆ ಬಂತು. ಅವರು ಫೋಟೋ ತೆಗೆದರು.

ಅಷ್ಟರಲ್ಲಿ ಹೂವಿನಮ್ಮ ಮಕ್ಕಳನ್ನು ಸರಿಸಿಕೊಂಡು ಬಂದೇಬಿಟ್ಟಳು.

"ತಗೀರಿ. ತಗೀರಿ ಮದ್ಲು ಅದ!"

ನಾನು ಕೈ ಎತ್ತುವ ಮೊದಲೇ ಹಾರಕ್ಕೆ ಕೈ ಹಾಕಿ ಎಳೆದಳು. ಹಿಂದಿನ ನಾರು ಕಿತ್ತುಬಂತು, ನಾಲ್ಕಾರು ಎಸಳು ನೆಲಕ್ಕೆ ಬಿದ್ದವು. ಅಧಿಕಾರಿ ಏನೋ ತಮಾಷೆ ಎಂದುಕೊಂಡು ನಕ್ಕರು. ಆಕೆ ಹಾರವನ್ನು ಮಮ್ಮಿಯ ಮೇಲಿಟ್ಟು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಕೊರಳಿಗೆ ಅಂಟಿದ್ದ ಎಲೆಯ ಚೂರನ್ನು ನಾನು ತೆಗೆಯುತ್ತಿದ್ದಾಗ, ನೈದಿಲೆಯ ಪ್ರಶ್ನೆ ಕೇಳಿದ್ದ ಹುಡುಗಿ ಮೆಲ್ಲಗೆ, "ಮಿಸ್, ನಿಮ್ಗೆ ಏನಾದ್ರೂ ಆಯ್ತದಾ?" ಅಂದಳು. ಇಲ್ಲ ಅಂತ ಗದರಿಸಿದೆ.

ಸೋಮವಾರ ಬಸ್ಸಿಳಿದು ಹೋದರೆ ಆಕೆ ಬುಟ್ಟಿಯ ತುಂಬ ಹೂ ಇಟ್ಟುಕೊಂಡು ಕೂತಿದ್ದಳು.

"ಒಂದು ಮೊಳ ಕೊಡಿ."

"ಊವ ಇಲ್ಲ ಟೀಚರಮ್ಮ."

"ಇದೇನು ಮತ್ತೆ?"

"ನಿಮ್ಗಿಲ್ಲ. ನನ್ ಕೈಯಿಂದ ಬ್ಯಾಡ. ಬ್ಯಾರೆ ಕಡೆ ತಕ್ಕಳಿ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸುತ್ತ ಜನರಿದ್ದರು. ಅಂದಿನಿಂದ ಬಸ್ ಸ್ಟ್ಯಾಂಡಿನ ಆ ಕಡೆಯ ಗೇಟಿನಿಂದ ಹೋಗಿಬರತೊಡಗಿದೆ. ಆದರೂ ಒಂದೊಂದು ದಿನ ಕಣ್ಣಿಗೆ ಬೀಳುತ್ತಿದ್ದಳು. ನಾನು ನೋಡಿದಾಗಲೆಲ್ಲ ಆಕೆ ನನ್ನನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಮುಖಕ್ಕಿಂತ ಸ್ವಲ್ಪ ಕೆಳಗೆ. ನಾನು ಸೆರಗನ್ನು ಕುತ್ತಿಗೆಯ ತನಕ ಎಳೆದುಕೊಂಡು ನಡೆಯುತ್ತಿದ್ದೆ, ಯಾಕೆ ಹಾಗೆ ಮಾಡುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಆ ವಾರಗಳಲ್ಲಿ ನನ್ನ ದನಿ ಒಡೆಯತೊಡಗಿತು. ಮೂರನೇ ಪಿರಿಯಡ್ಡಿನ ಹೊತ್ತಿಗೆ ಗಂಟಲಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಗಂಡ, "ಚಳಿ ಗಾಳಿ ಬಸ್ಸಲ್ಲಿ, ಬಿಸಿನೀರು ಕುಡಿ" ಅಂದರು. ಕುಡಿದೆ. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಜೊತೆಯ ಟೀಚರು ಫೋಟೋ ಕಳಿಸಿದ್ದರು. ಅದರಲ್ಲಿ ಹಾರ ಬಲಗಡೆ ಒಂದಿಷ್ಟು ಎತ್ತಿ ಕೂತಿದ್ದದ್ದು ಕಾಣುತ್ತಿತ್ತು, ಒಳಗಿನಿಂದ ಏನೋ ನೂಕಿದ ಹಾಗೆ. ನೆರಳು ಅಂದುಕೊಂಡೆ. ಮತ್ತೆ ಮತ್ತೆ ತೆಗೆದು ನೋಡಿದೆ, ನೆರಳೇ ಅಂದುಕೊಂಡೆ. ಒಂದು ದಿನ ಫೋಟೋ ಅಳಿಸಿಬಿಟ್ಟೆ. ನೆರಳಾಗಿದ್ದರೆ ಯಾಕೆ ಅಳಿಸಬೇಕಿತ್ತು?

ಆರನೇ ವಾರ. ಸಂಜೆ ನಂಜನಗೂಡಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಹೊರಡುವಾಗ ಹೂವಿನಮ್ಮ ಹತ್ತಿದಳು. ಬುಟ್ಟಿ ಇರಲಿಲ್ಲ, ಒಂದು ಕೈಚೀಲ ಮಾತ್ರ. ಸೀಟುಗಳು ಖಾಲಿ ಇದ್ದವು. ನೇರವಾಗಿ ಬಂದು ನನ್ನ ಪಕ್ಕ ಕೂತಳು. ನಾನು ಹೊರಗೆ ನೋಡಿದೆ. ಬಸ್ಸು ಊರು ದಾಟಿತು, ಗದ್ದೆ ಶುರುವಾಯಿತು.

"ನಂಜುಂಡಪ್ಪನ್ ಗುಡಿಗೆ ಒಂಟಿವ್ನಿ," ಅಂದಳು. "ನಿಮ್ ಎಸ್ರಲ್ಲಿ ಅರ್ಚನೆ ಮಾಡ್ಸಕೆ. ನಾಕ್ ಸೋಮ್ವಾರ ಆಯ್ತು, ಇದು ಐದ್ನೇದು."

"ನನ್ನ ಹೆಸರಲ್ಲಾ? ನನಗೇನಾಗಿದೆ?"

ಆಕೆ ಕೈಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನಿಮ್ ಕುತ್ಗೇಲಿ ಒಂದ್ ಗಂಟದೆ ಟೀಚರಮ್ಮ. ಬಲಗಡೆ. ಅವತ್ತು ಅಳ್ತೆ ತಕ್ಕಳುವಾಗ ನನ್ ಬೆರಳಿಗೆ ಸಿಕ್ತು."

ಬಸ್ಸಿನ ಸದ್ದಿನಲ್ಲೂ ಆ ಮಾತು ಪೂರ್ತಿ ಕೇಳಿಸಿತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಎಲ್ಲಿ ಎಂದು ಹುಡುಕಬೇಕಾಗಲಿಲ್ಲ. ಅಡಿಕೆಯಷ್ಟು, ಗಟ್ಟಿ. ಎಂಜಲು ನುಂಗಿದೆ; ಅದೂ ಮೇಲೆ ಹೋಗಿ ಕೆಳಗೆ ಬಂತು.

"ಯಾಕಮ್ಮ ಹೇಳಲಿಲ್ಲ ನೀವು? ಆರು ವಾರ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಆಕೆ ಅಳುತ್ತಿರಲಿಲ್ಲ.

"ನಮ್ಮವ್ವುಂಗೂ ಇಂಗೇ ಇತ್ತು. ತಲೆ ಬಾಚುವಾಗ ನಾನೇ ಮುಟ್ಟಿ ಏಳ್ದೆ, ಅವ್ವಾ ಇದೇನವ್ವಾ ಗಂಟು ಅಂತ. ಏಳಿದ್ ಮೇಲೆ ಅವ್ಳು ವರ್ಸ ತುಂಬ್ಲಿಲ್ಲ. ನಾನ್ ಅನ್ನದೆ ಇದ್ದಿದ್ರೆ ಇರ್ತಿತ್ತೇನೋ ಅಂತ ಇವತ್ಗೂ ಅನ್ನಿಸ್ತದೆ. ಬಾಯಲ್ಲಿ ಅಂದ್ರೆ ನಿಜ ಆಯ್ತದೆ ಅಂತ ಸುಮ್ಕಿದ್ದೆ. ಅದೂ ಅಲ್ದೆ, ಎಣದ್ ಆರಕ್ಕೆ ನಿಮ್ ಅಳ್ತೆ ತಕ್ಕಂಡೋಳು ನಾನೇ ಅಲ್ವಾ? ಅದ ಎಂಗ್ ಏಳ್ಲಿ?"

"ಗಂಟು ಮೊದಲೇ ಇತ್ತಲ್ಲಮ್ಮ. ಅಳತೆ ತಗೊಂಡಿದ್ದರಿಂದ ಬಂತಾ?"

"ಮದ್ಲೇ ಇತ್ತು, ಸರಿ," ಅಂದಳು. "ಆದ್ರೂ ತಕ್ಕಂಡಿದ್ದು ನಾನು."

ನಂಜನಗೂಡಿನಲ್ಲಿ ಇಳಿದು ಆಕೆ ಗುಡಿಯ ಕಡೆ ಹೋದಳು. ಬನ್ನಿ ಅಂತಲೂ ನಾನು ಕರೆಯಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಒಂದು ಲೋಟ ನೀರು ಕುಡಿದೆ. ಪ್ರತಿ ಗುಟುಕಿಗೂ ಚರ್ಮದ ಕೆಳಗೆ ಅದು ಏರಿ ಇಳಿಯಿತು. ಗಂಡ ಶಿಫ್ಟ್ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಇದು ಯಾವಾಗಿಂದ?" ಅಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನ್ ಮಾಡಿದರು, ಆಮೇಲೆ ಗಂಟಿಗೆ ಸೂಜಿ ಹಾಕಿ ಹನಿಯಷ್ಟು ತೆಗೆದರು. ವರದಿಗೆ ಎಂಟು ದಿನ. ಆ ಎಂಟು ದಿನ ಗಂಡ ನನ್ನ ಮುಖ ನೋಡದೆ ಊಟ ಮಾಡುತ್ತಿದ್ದರು, ನಾನು ಬೇರೆಡೆ ತಿರುಗಿದರೆ ನೋಡುತ್ತಿದ್ದರು. ಸ್ಕೂಲಿಗೆ ಹೋಗಿಬರುವುದನ್ನು ನಾನು ಬಿಡಲಿಲ್ಲ. ಒಂದು ದಿನ ಕ್ಲಾಸಿನಲ್ಲಿ ಮಾತಾಡುತ್ತಿದ್ದಾಗ ದನಿ ಅರ್ಧದಲ್ಲೇ ನಿಂತುಹೋಯಿತು. ಬಾಯಿ ಆಡುತ್ತಿದೆ, ಸದ್ದಿಲ್ಲ. ನಲವತ್ತು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು. ಬೋರ್ಡಿನ ಮೇಲೆ ಬರೆಯುತ್ತೇನೆ, ನೋಡಿ ಬರೆದುಕೊಳ್ಳಿ ಎಂದು ಸನ್ನೆ ಮಾಡಿ ತಿರುಗಿ ನಿಂತೆ, ಒತ್ತಿ ಬರೆದು ಸೀಮೆಸುಣ್ಣ ಮುರಿಯಿತು.

ವರದಿ ಬಂತು. ಕ್ಯಾನ್ಸರ್. ಡಾಕ್ಟರು ಆ ಪದವನ್ನು ಜೋರಾಗಿಯೇ ಹೇಳಿದರು. ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಥೈರಾಯ್ಡಿನ ಬಲ ಅರ್ಧವನ್ನು ತೆಗೆಯಬೇಕು, ನಿಧಾನವಾಗಿ ಬೆಳೆಯುವ ಜಾತಿ, ಹೆದರಬೇಡಿ, ದನಿಯ ನರ ಅದಕ್ಕೆ ಅಂಟಿಕೊಂಡಿದೆ, ದನಿಯ ಬಗ್ಗೆ ಮಾತ್ರ ಮಾತು ಕೊಡಲಾರೆ ಅಂದರು. ಕೊನೆಗೆ ಕೇಳಿದರು.

"ಯಾರು ಮೊದಲು ನೋಡಿದ್ದು? ಇಂಥದು ಸಾಮಾನ್ಯವಾಗಿ ಬೇಗ ಯಾರ ಕಣ್ಣಿಗೂ ಬೀಳಲ್ಲ."

"ಹೂ ಕಟ್ಟೋರೊಬ್ಬರು," ಅಂದೆ. "ಆರು ವಾರ ಹೇಳದೆ ಇಟ್ಕೊಂಡಿದ್ರು."

"ಆರು ವಾರದಲ್ಲಿ ಏನೂ ವ್ಯತ್ಯಾಸ ಆಗಿರಲ್ಲ. ಗೊತ್ತಾಗಿದ್ದೇ ದೊಡ್ಡದು."

ಆಪರೇಷನ್ನಿಗೆ ನಾಲ್ಕು ದಿನ ಇದ್ದಾಗ ರಜೆ ಬರೆದುಕೊಡಲು ಸ್ಕೂಲಿಗೆ ಹೋದೆ. ಬಸ್ಸಿಳಿದು ಮೊದಲಿನ ಗೇಟಿನಿಂದಲೇ ನಡೆದೆ. ಹೂವಿನಮ್ಮ ಎದ್ದು ನಿಂತಳು. ವರದಿ ಏನು ಬಂತೆಂದು ಹೇಳಿದೆ. ಡಾಕ್ಟರ ಮಾತನ್ನೂ ಹೇಳಿದೆ. ಆಕೆಗೆ ಆ ಮಾತು ತಲುಪಿದಂತೆ ಕಾಣಲಿಲ್ಲ.

"ಆ ಆರ ಎಲ್ಲದೆ?" ಅಂದಳು.

"ಸ್ಕೂಲಲ್ಲಿ. ಬೀರುವಿನಲ್ಲಿ ಒಣಗಿಸಿಟ್ಟಿದ್ದೀನಿ. ಮುಂದಿನ ವರ್ಷದ ಮಕ್ಕಳಿಗೆ ತೋರಿಸೋಕೆ."

"ಅದ ಮಡಿಕ್ಕಂಡು ಆಪ್ರೇಸನ್ನಿಗೆ ಓಯ್ತೀರಾ?" ಆಕೆಯ ಕಣ್ಣು ದೊಡ್ಡದಾಯಿತು. "ನೀವೇ ಏಳಿದ್ರಲ್ಲ, ಉಂಡೋರು ತಗ್ದು ಊಳ್ತಿದ್ರು ಅಂತ. ಅವ್ರೂ ಮನೇಲಿ ಇಟ್ಕತಿರ್ಲಿಲ್ಲ. ನಂಗೆ ಕೊಡಿ. ಒಳೆಗೆ ಬುಟ್ಟು ಬತ್ತೀನಿ."

ನಾನು ಟೀಚರು. ಇಂಥವೆಲ್ಲ ಮೂಢನಂಬಿಕೆ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ ಅಂಕ ಕೊಟ್ಟವಳು. ಸ್ಟಾಫ್ ರೂಮಿಗೆ ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ ಬೀರು ತೆಗೆದೆ. ಹಾಳೆಗಳ ನಡುವೆ ಹಾರ ಕಂದುಬಣ್ಣಕ್ಕೆ ತಿರುಗಿ ಚಪ್ಪಟೆಯಾಗಿತ್ತು. ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ನೈದಿಲೆಯ ಬುಡದಲ್ಲಿ ಮಾತ್ರ ನೀಲಿ ಇನ್ನೂ ಇತ್ತು. ಅದು ಇಷ್ಟು ದಿನ ನನ್ನ ಅಳತೆ ಇಟ್ಟುಕೊಂಡು ಆ ಕತ್ತಲೆಯಲ್ಲಿ ಮಲಗಿತ್ತು ಎಂದು ಒಮ್ಮೆ ಅನ್ನಿಸಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡೆ. ಹಾಳೆ ಸಮೇತ ಸುತ್ತಿ ತಂದು ಆಕೆಯ ಚೀಲಕ್ಕೆ ಹಾಕಿದೆ.

ಸಂಗಮಕ್ಕೆ ಇಬ್ಬರೂ ಹೋದೆವು. ಅವತ್ತು ಅಲ್ಲಿ ಬೇರೆ ಊರಿನ ಒಂದು ಕುಟುಂಬ ಮಡಕೆ ಹಿಡಿದು ಪುರೋಹಿತರಿಗೆ ಕಾಯುತ್ತಿತ್ತು. ಹೂವಿನಮ್ಮ ಮೊಣಕಾಲುದ್ದ ನೀರಿಗಿಳಿದು ಹಾರವನ್ನು ಬಿಟ್ಟಳು. ಮುಳುಗಲಿಲ್ಲ. ಎರಡು ಹೊಳೆಯ ನೀರು ಸೇರುವಲ್ಲಿ ಒಂದು ಕಡೆ ನಿಂತು ಸುತ್ತತೊಡಗಿತು. ಸುತ್ತಿ ಸುತ್ತಿ ದಡದ ಕಡೆಗೇ ವಾಪಸು ಬಂತು. ಆಕೆ ಮತ್ತೆ ತಳ್ಳಿದಳು. ಮತ್ತೆ ಬಂತು. ಆಕೆಯ ಮುಖ ಬಿಳಿಚಿಕೊಂಡಿತು. ಮೂರನೇ ಸಲ ನಾನೇ ಸೀರೆ ಎತ್ತಿಕಟ್ಟಿ ಇಳಿದೆ. ಇಬ್ಬರೂ ಸೊಂಟದ ತನಕ ಹೋಗಿ, ಕೈ ಕೈ ಹಿಡಿದುಕೊಂಡು, ನೀರಿನ ಸೆಳೆತ ಕಾಲಿಗೆ ತಾಗುವಲ್ಲಿ ಬಿಟ್ಟೆವು. ಆಗ ಹೋಯಿತು. ದಡದಲ್ಲಿದ್ದವರು ನಮಗೂ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ದಾರಿ ಬಿಟ್ಟರು.

ಆಪರೇಷನ್ ಆಯಿತು. ಗಂಟು ಹೋಯಿತು. ನನ್ನ ದನಿಯೂ ಮುಕ್ಕಾಲು ಹೋಯಿತು. ಎರಡು ತಿಂಗಳು ಪಿಸುಮಾತಿನಲ್ಲಿದ್ದೆ. ಆಮೇಲೆ ಬಂದದ್ದು ಬೇರೆ ಯಾರದೋ ಗೊಗ್ಗರು ದನಿ. ಈಗ ಬಾಯಿಯ ಹತ್ತಿರ ಚಿಕ್ಕ ಮೈಕು ಸಿಕ್ಕಿಸಿಕೊಂಡು ಪಾಠ ಮಾಡುತ್ತೇನೆ. ಮಕ್ಕಳು ಮೊದಮೊದಲು ಹೆದರಿದರು, ಈಗ ಬ್ಯಾಟರಿ ಹಾಕಿಕೊಡಲು ಜಗಳವಾಡುತ್ತಾರೆ. ಗಂಡ ಫೋನಿನಲ್ಲಿ ನನ್ನ ದನಿ ಕೇಳಿದರೆ ಈಗಲೂ ಒಂದು ಗಳಿಗೆ ತಡೆದು, "ನೀನೇನಾ?" ಅನ್ನುತ್ತಾರೆ.

ಹೂವಿನಮ್ಮ ನನಗೆ ಹೂ ಕೊಡುವುದನ್ನು ಮತ್ತೆ ಶುರುಮಾಡಿದಳು. ಆದರೆ ಕೈಗೆ ಕೊಡುವುದಿಲ್ಲ, ಎಲೆಯ ಮೇಲಿಡುತ್ತಾಳೆ, ನಾನು ಎತ್ತಿಕೊಳ್ಳಬೇಕು. ಡಾಕ್ಟರು ಹೇಳಿದ್ದನ್ನು ಹತ್ತು ಸಲ ಹೇಳಿದ್ದೇನೆ: ನಿಮ್ಮ ಬೆರಳು ಮುಟ್ಟದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆಕೆ ಹೂಂ ಅನ್ನುತ್ತಾಳೆ. ನಂಬುವುದಿಲ್ಲ. ಒಂದು ದಿನ ನಾನೇ, "ಎಡಗಡೆ ಒಂದು ಸಲ ಮುಟ್ಟಿ ನೋಡಿಯಮ್ಮ" ಅಂದಾಗ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ಇನ್ ಯಾರ ಕುತ್ಗೇನೂ ಮುಟ್ಟಕಿಲ್ಲ ನಾನು."

ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಎರಡು ಸಲ ಏನೂ ಇರಲಿಲ್ಲ. ಮೂರನೇ ಸಲ, ಈ ಮಳೆಗಾಲದಲ್ಲಿ, ಸ್ಕ್ಯಾನ್ ಮಾಡುತ್ತಿದ್ದ ಹೆಣ್ಣುಮಗಳು ಒಂದೇ ಕಡೆ ಯಂತ್ರ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಉಳಿಸಿದ್ದ ಎಡ ಅರ್ಧದಲ್ಲಿ ಕಾಳಿನಷ್ಟು ಏನೋ ಇದೆಯಂತೆ. ಡಾಕ್ಟರು, "ಎಷ್ಟೋ ಜನಕ್ಕೆ ಇರುತ್ತೆ, ಏನೂ ಅಲ್ಲದೆ ಇರಬಹುದು, ಮೂರು ತಿಂಗಳು ಬಿಟ್ಟು ನೋಡೋಣ" ಅಂದರು. ಇದನ್ನು ಗಂಡನಿಗೆ ಹೇಳಿದ್ದೇನೆ. ಹೂವಿನಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ. ಆದರೆ ಆಕೆ ನಾನು ಬಸ್ಸಿಳಿದು ಬರುತ್ತಿದ್ದ ರೀತಿಯಲ್ಲೇ ಏನೋ ಕಂಡು, "ಮತ್ಯಾವಾಗ ಓಗಬೇಕು?" ಅಂದಳು.

ಆ ಮೂರು ತಿಂಗಳು ಹೋದ ವಾರ ಮುಗಿಯಿತು. ಗಂಡನಿಗೆ ರಜೆ ಸಿಗಲಿಲ್ಲ. ಬೆಳಗ್ಗೆ ನಂಜನಗೂಡಿನ ಸ್ಟೇಷನ್ನಿಗೆ ಹೋದರೆ ಹೂವಿನಮ್ಮ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೇ ನರಸೀಪುರದಿಂದ ಹೊರಟಿದ್ದಳಂತೆ. ರೈಲಿನಲ್ಲಿ ಮೈಸೂರಿನ ತನಕ ನಾವು ಬಿಸಿಲಿನ ಬಗ್ಗೆ, ನಾಲೆಯ ನೀರಿನ ಬಗ್ಗೆ ಮಾತಾಡಿದೆವು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ನನ್ನ ಪಕ್ಕ ಕೂತು ಸೀರೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಇದ್ದಳು. ಸುಮ್ಮನೆ ಕೂತು ಆ ಬೆರಳುಗಳಿಗೆ ರೂಢಿಯಿಲ್ಲ. ಒಳಗಿನಿಂದ ನರ್ಸು ನನ್ನ ಸರದಿ ಕೂಗಿದರು.

ನಾನು ಎದ್ದೆ. ಆಕೆ ತಲೆ ಎತ್ತಲಿಲ್ಲ.

"ಓಗ್ ಬನ್ನಿ," ಅಂದಳು. ಬಾಗಿಲ ಹತ್ತಿರ ಹೋದ ಮೇಲೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಬನ್ನಿ ಅಂದೆ, ಕೇಳಿಸ್ತಾ?"

ಕೇಳಿಸಿತು ಎಂದು ಕೈ ಎತ್ತಿ ಒಳಗೆ ಹೋದೆ.